ಸಿದ್ದಲಿಂಗ ಸೌಟು ಕೆಳಗಿಟ್ಟ ಶನಿವಾರ

ಸ್ವೀಡನ್ನಿನ ಓರೆಬ್ರೂ ಊರಿನಿಂದ ಪಡುವಣ ಬಯಲಿನ ಕಡೆಗೆ ದಿನಕ್ಕೆ ಮೂರು ಸಲ ಹೋಗಿ ಬರುವ ಹಳ್ಳಿ ಬಸ್ಸೊಂದಿದೆ. ಅದನ್ನು ಓಡಿಸುವವನು ಸಿದ್ದಲಿಂಗ. ವಯಸ್ಸು ನಲವತ್ತೊಂಬತ್ತು, ಓದಿದ್ದು ಏಳನೇ ಇಯತ್ತೆ, ಹುಟ್ಟಿದ್ದು ಗದಗದ ಕಡೆಯ ಎರೆನೆಲದಲ್ಲಿ. ಕೆಲವರಿಗೆ ಸಿಟ್ಟು ಮೂಗಿನ ತುದಿಯಲ್ಲಿ ಕೂತಿರುತ್ತದಂತೆ. ಸಿದ್ದಲಿಂಗನಿಗೆ ಅದು ಎಡಗಿವಿಯಲ್ಲಿ. ಸಿಟ್ಟು ಏರುತ್ತಿದ್ದಂತೆ ಆ ಒಂದು ಕಿವಿ ಮಾತ್ರ ಕೆಂಪಾಗುತ್ತದೆ. ಬಲಗಿವಿ ತನಗೂ ಈ ಮನುಷ್ಯನಿಗೂ ಸಂಬಂಧವೇ ಇಲ್ಲವೆಂಬಂತೆ ತಣ್ಣಗಿರುತ್ತದೆ. ಹೆಂಡತಿ ನಳಿನಿ ಮದುವೆಯಾದ ಹೊಸತರಲ್ಲೇ ಇದನ್ನು ಕಂಡುಹಿಡಿದಳು. ಅಂದಿನಿಂದ ಎಲ್ಲಿ ಹೋದರೂ ಗಂಡನ ಎಡಗಡೆಗೇ ಕೂರುತ್ತಾಳೆ.

ಸ್ವೀಡನ್ನಿನಲ್ಲಿ ಸಿಟ್ಟಿಗೆ ಗಿರಾಕಿಗಳಿಲ್ಲ. ಬಸ್ಸಿನ ಕೆಲಸಕ್ಕೆ ಸೇರಿದ ಮೊದಲ ವರ್ಷ, ಸೀಟಿನ ಮೇಲೆ ಬೂಟುಗಾಲು ಚಾಚಿ ಮಲಗಿದ್ದ ಒಬ್ಬನನ್ನು ಸಿದ್ದಲಿಂಗ ಬಸ್ಸು ನಿಲ್ಲಿಸಿ, ಹೊಲದ ಕಾಗೆಗಳೆಲ್ಲ ಎದ್ದು ಹಾರುವಷ್ಟು ಗಟ್ಟಿಯಾಗಿ ಬೈದ. ಮರುದಿನ ಮೇಲಧಿಕಾರಿ ಹೆಂಗಸು ಕರೆಸಿದಳು. ಕೆಲಸ ಹೋಯಿತು ಅಂದುಕೊಂಡೇ ಒಳಗೆ ಹೋದ. ಆಕೆ ಕಾಫಿ ಬಗ್ಗಿಸಿ, ದಾಲ್ಚಿನ್ನಿ ಬನ್ನು ಮುಂದಿಟ್ಟು, "ಆಗ ನಿನ್ನ ಮನಸ್ಸಿಗೆ ಏನನ್ನಿಸಿತು?" ಎಂದು ಒಂದು ಗಂಟೆ ಮೆಲ್ಲಗೆ ವಿಚಾರಿಸಿದಳು. "ಅದಕ್ಕಿಂತ ಎರಡು ಕಪಾಳಕ್ಕ ಹಾಕಿದ್ರ ಛಲೋ ಇತ್ತು" ಎಂದು ಮನೆಗೆ ಬಂದು ನಳಿನಿಯ ಹತ್ತಿರ ಅತ್ತುಕೊಂಡ. ಅಂದಿನಿಂದ ಬಸ್ಸಿನಲ್ಲಿ ಅವನು ಬಾಯಿ ತೆರೆಯುವುದು ಮುಂದಿನ ಊರಿನ ಹೆಸರು ಹೇಳುವುದಕ್ಕೆ ಮಾತ್ರ.

ಆ ಊರುಗಳೆಂದರೆ ಅವನಿಗೆ ಪ್ರಾಣ. ಕ್ವಾರ್ನ್‌ಸ್ಟಾ, ಲುಂಡೋಸಾ, ಹೇಸ್ಟ್‌ಬೀ. ಒಂದೊಂದೂ ಅಂಗೈಯಗಲ. ಒಂದೇ ಬೀದಿ, ಬೀದಿಗೆ ಎರಡು ಸಾಲು ಮರದ ಮನೆ, ಒಂದು ಸಾಲು ಕೆಂಪು, ಒಂದು ಸಾಲು ಹಳದಿ. ತುದಿಯಲ್ಲಿ ಇಗರ್ಜಿ, ಇಗರ್ಜಿಯ ಹಿಂದೆ ಗೋಧಿ, ಗೋಧಿಯ ಹಿಂದೆ ಆಕಾಶ. ಕಣ್ಣಿಗೆ ಅಡ್ಡ ಬರುವ ಗುಡ್ಡವಿಲ್ಲ, ಕಾಡಿಲ್ಲ. ನಾಳೆ ಬರಬೇಕಾದ ಮಳೆ ಇವತ್ತು ಮಧ್ಯಾಹ್ನವೇ ಕಾಣುತ್ತದೆ. ರೈಲು ಬಾರದ ಸ್ಟೇಷನ್ನಿನಲ್ಲಿ ಯಾರೋ ಹಳೆ ಸಾಮಾನು ಮಾರುತ್ತಾರೆ. ಪ್ರತಿ ಮಂಗಳವಾರ ಹೇಸ್ಟ್‌ಬೀ ಊರಿನ ಹಳೆಯ ಅಂಚೆಯಮ್ಮ ಇಂಗೆಗೆರ್ಡ್ ಬಸ್ಸು ಹತ್ತಿ, ಮುಂದಿನ ಸೀಟಿನಲ್ಲಿ ಕೂತು, "ಇವತ್ತೂ ಬ್ರೇಕು ಜೋರಾಯಿತು" ಎಂದು ಗದರುತ್ತಾಳೆ. ಇಡೀ ದೇಶದಲ್ಲಿ ಸಿದ್ದಲಿಂಗನನ್ನು ಮುಖಕ್ಕೆ ಮುಖ ಕೊಟ್ಟು ಬೈಯುವವಳು ಆಕೆಯೊಬ್ಬಳೇ. ಹಾಗಾಗಿ ಅವನಿಗೆ ಆಕೆಯ ಮೇಲೆ ತುಂಬ ಗೌರವ.

ಅವನಿಗಿದ್ದ ಕೊರಗು ಒಂದೇ. ಅದರ ಹೆಸರು ಸೌಟು.

ಹನ್ನೊಂದು ವರ್ಷದ ಹಿಂದೆ ಸಿದ್ದಲಿಂಗ ಈ ದೇಶಕ್ಕೆ ಬಂದದ್ದು ಅಡುಗೆಯವನಾಗಿ. ಹುಬ್ಬಳ್ಳಿಯ ಖಾನಾವಳಿ, ಬೆಂಗಳೂರಿನ ದರ್ಶಿನಿ, ಅಲ್ಲಿಂದ ಇಲ್ಲಿಯ ರಾಜಧಾನಿಯ ಪಕ್ಕದ ಸುಂಡ್‌ಬೀಬರ್ಯ್‌ನ ಒಂದು ದೋಸೆ ಹೋಟೆಲು. ಐದು ವರ್ಷಕ್ಕೆ ಹೋಟೆಲು ಮುಚ್ಚಿತು. ಅವನು ಭಾಷೆ ಕಲಿತ, ಬಸ್ಸಿನ ಲೈಸೆನ್ಸ್ ತೆಗೆದುಕೊಂಡ, ಕ್ವಾರ್ನ್‌ಸ್ಟಾದಲ್ಲಿ ಮನೆ ಮಾಡಿದ. ನಳಿನಿಗೆ ಅಲ್ಲಿನ ಡಾಗಿಸ್ ಎಂಬ ಶಿಶುವಿಹಾರದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಎಲ್ಲರಿಗೂ ಇದು ಗೊತ್ತು, ಕನ್ನಡ ಕೂಟದವರನ್ನು ಬಿಟ್ಟು. ಅವರ ಕಣ್ಣಿಗೆ ಸಿದ್ದಲಿಂಗ ಇವತ್ತಿಗೂ ಅಡುಗೆಯವನೇ. ಯುಗಾದಿಯಿರಲಿ, ರಾಜ್ಯೋತ್ಸವವಿರಲಿ, ಅವನು ಸುಂಡ್‌ಬೀಬರ್ಯ್‌ನ ಹಾಲಿಗೆ ಕಾಲಿಟ್ಟ ಕೂಡಲೇ ಯಾರಾದರೊಬ್ಬರು ನಗುನಗುತ್ತಾ ಕೈಗೆ ಸೌಟು ಕೊಡುತ್ತಾರೆ. ನೂರೈವತ್ತು ಜನಕ್ಕೆ ಬೇಯಿಸಿ, ಬಡಿಸಿ, ಕೊನೆಯ ಪಂಕ್ತಿಯಲ್ಲಿ ತಳದ ಅನ್ನ ತಿಂದು ಬರುವುದು. ಹನ್ನೊಂದು ವರ್ಷದಲ್ಲಿ ಒಂದು ಸಲವೂ ಮೊದಲ ಪಂಕ್ತಿಯಲ್ಲಿ ಅವನ ಎಲೆ ಬಿದ್ದಿರಲಿಲ್ಲ.

ಈ ವರ್ಷದ ಯುಗಾದಿಯ ದಿನ ಸಾರು ಬಡಿಸುತ್ತಾ ಬಂದಾಗ ಕೂಟದ ಅಧ್ಯಕ್ಷ ಬದರಿನಾಥ ಎಲೆಯ ಮುಂದೆ ಕೂತು ಬೇಸಿಗೆಯ ಪಿಕ್ನಿಕ್ಕಿನ ಮಾತಾಡುತ್ತಿದ್ದ. ಬದರಿನಾಥ ದೊಡ್ಡ ಕಂಪನಿಯಲ್ಲಿ ದೊಡ್ಡ ಮ್ಯಾನೇಜರು. ಮನಸ್ಸು ಕೆಟ್ಟದ್ದಲ್ಲ. ಆದರೆ ಎದುರಿಗಿರುವವರೆಲ್ಲ ತನ್ನ ಟೀಮಿನವರೆಂದೇ ಭಾವಿಸುವ ಕಾಯಿಲೆ.

"ಈ ಸಲನೂ ಇಲ್ಲೇ ಕೆರೆ ಹತ್ರಾನೇ ಮಾಡೋಣ" ಎಂದ ಬದರಿನಾಥ.

"ನಮ್ಮ ಬಯಲು ಕಡೆ ಬನ್ನಿ ಸರ್. ಚಂದ ಚಂದ ಸಣ್ಣ ಊರುಗಳಿದಾವೆ" ಎಂದ ಸಿದ್ದಲಿಂಗ. ಕೂಟದಲ್ಲಿ ಅವನು ತನ್ನ ಗದಗಿನ ಮಾತನ್ನು ಇಸ್ತ್ರಿ ಹಾಕಿಯೇ ಆಡುವುದು.

"ಅಲ್ಲೇನಿದ್ಯೋ ಸಿದ್ದು? ಗೋಧಿ. ಗೋಧಿ ಆದ್ಮೇಲೆ ಇನ್ನೊಂದಿಷ್ಟು ಗೋಧಿ. ಗೋಧಿ ನೋಡೋಕೆ ಟಿಕೆಟ್ ತಗೊಂಡು ಬರ್ಬೇಕಾ? ನೋಡು, ಸಾರಿಗೆ ಉಪ್ಪು ಕಮ್ಮಿ ಆಗಿದೆ ಇವತ್ತು."

ಕಿವಿ ಕೆಂಪಾಯಿತು. ನಳಿನಿ ಹಾಲಿನ ಆ ತುದಿಯಲ್ಲಿ ಹಪ್ಪಳ ಹಂಚುತ್ತಿದ್ದಳು, ನೋಡಲಿಲ್ಲ. ಸಿದ್ದಲಿಂಗ ಸೌಟನ್ನು ಪಾತ್ರೆಯೊಳಗೆ ಎಸೆದ. ಸಾರು ಹಾರಿ ಅಧ್ಯಕ್ಷರ ಹೊಸ ಜುಬ್ಬಾದ ಮೇಲೆ ರಂಗೋಲಿ ಬರೆಯಿತು.

"ಒಂದು ದಿನ ಬನ್ನಿ ಸರ್. ಒಂದೇ ಒಂದು ದಿನ. ನಾನೇ ವ್ಯಾನು ತರ್ತೀನಿ, ನಾನೇ ಸುತ್ತಿಸ್ತೀನಿ. ಸಂಜೆ ಹೊರಡೋ ಹೊತ್ತಿಗೆ ನಿಮ್ಮ ಬಾಯಿಂದಲೇ 'ಚೆನ್ನಾಗಿತ್ತು' ಅಂತ ಬರದಿದ್ರೆ, ಬದುಕಿರೋ ತನಕ ನಿಮ್ಮ ಕೂಟದ ಸೌಟು ನಂದೇ. ತುಟಿ ಪಿಟಕ್ ಅನ್ನಲ್ಲ."

"ಬಂದ್ರೆ?"

"ಬಂದ್ರೆ ನಾನು ಇನ್ಮೇಲೆ ಸೌಟು ಮುಟ್ಟಲ್ಲ. ಮೊದಲನೇ ಪಂಕ್ತಿಲಿ ಕೂತ್ಕೋತೀನಿ. ನೀವು ಬಗ್ಗಿ ಬಡಿಸ್ಬೇಕು."

ಪಂಕ್ತಿಯಲ್ಲಿ ನಗು ಹಬ್ಬಿತು. ಬದರಿನಾಥನ ಹೆಂಡತಿ ರಮಾ, ಗಂಡನ ಜುಬ್ಬಾ ಒರೆಸುವುದನ್ನು ಬಿಟ್ಟು, "ಅಂಪೈರ್ ನಾನು" ಎಂದಳು. "ಇವ್ರು ಸುಳ್ಳು ಹೇಳಿದ್ರೆ ನಂಗೆ ಗೊತ್ತಾಗತ್ತೆ ಸಿದ್ದಣ್ಣ. ಇಪ್ಪತ್ತು ವರ್ಷದ ಎಕ್ಸ್‌ಪೀರಿಯೆನ್ಸ್ ಇದೆ."

ಮೇ ತಿಂಗಳ ಕೊನೆಯ ಶನಿವಾರ ಎಂದು ಗೊತ್ತಾಯಿತು.

ಸಿದ್ದಲಿಂಗ ಮೂರು ವಾರ ನಿದ್ದೆಗೆಟ್ಟು ಯೋಜನೆ ಹಾಕಿದ. ಒಂಬತ್ತು ಗಂಟೆಯ ರೈಲಿಗೆ ಓರೆಬ್ರೂದಲ್ಲಿ ಇಳಿಸಿಕೊಳ್ಳುವುದು. ಹತ್ತಕ್ಕೆ ಕ್ವಾರ್ನ್‌ಸ್ಟಾದ ಬೇಕರಿಯಲ್ಲಿ ಬಿಸಿ ಬನ್ನು. ಹನ್ನೊಂದಕ್ಕೆ ಲುಂಡೋಸಾದ ಗಾಳಿಗಿರಣಿ. ಮಧ್ಯಾಹ್ನ ಹೇಸ್ಟ್‌ಬೀಯಲ್ಲಿ ತೋಟದ ಕೆಫೆ, ಸೇಬಿನ ಹೂವಿನ ಕೆಳಗೆ ಫೀಕಾ. ಫೀಕಾ ಅಂದರೆ ಇಲ್ಲಿಯವರ ಕಾಫಿ-ತಿಂಡಿ. ಅದು ತಪ್ಪಿದರೆ ಸರ್ಕಾರವೇ ಬಿದ್ದುಹೋದೀತು.

ಬಂದವರು ಐದು ಜನ. ಬದರಿನಾಥ, ರಮಾ, ಅವರ ಫ್ಲ್ಯಾಟಿನ ಎದುರು ಮನೆಯ ಎಂಜಿನಿಯರ್ ಅನ್ವರ್, ಅವನ ಹೆಂಡತಿ ರಾಬಿಯಾ, ಮಗಳು ನಾಯಿಲಾ. ಹತ್ತು ವರ್ಷದ ನಾಯಿಲಾಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಸ್ವೀಡಿಷಿನಲ್ಲಿ. ಬಂದದ್ದು ಒಂಬತ್ತರ ರೈಲಿಗಲ್ಲ, ಹನ್ನೊಂದರ ರೈಲಿಗೆ. ಇಳಿದ ಮೇಲೆ ಬದರಿನಾಥ ಓರೆಬ್ರೂ ಕೋಟೆಯ ಮುಂದೆ ಎಡಕ್ಕೆ ನಿಂತು, ಬಲಕ್ಕೆ ನಿಂತು, ಕೈ ಕಟ್ಟಿ, ಕೈ ಬಿಟ್ಟು ಫೋಟೋ ತೆಗೆಸಿಕೊಂಡ. ಆಮೇಲೆ ರಮಾ ಪಾರ್ಕಿನಲ್ಲಿ ಚಪಾತಿ ಬಿಚ್ಚಿದಳು. ಸಿದ್ದಲಿಂಗ ಗಡಿಯಾರ ನೋಡಿದ, ಆಕಾಶ ನೋಡಿದ, ಚಪಾತಿ ತಿಂದ. ವ್ಯಾನಿನ ಸ್ಟಿಯರಿಂಗ್ ಎಡಕ್ಕೆ. ನಳಿನಿ ವಿಧಿಯಿಲ್ಲದೆ ಬಲಕ್ಕೆ ಕೂತಿದ್ದಳು. ಕಿವಿಯ ಹವಾಮಾನ ಅವಳಿಗೆ ಕಾಣುತ್ತಿರಲಿಲ್ಲ.

ಕ್ವಾರ್ನ್‌ಸ್ಟಾ ಸೇರುವಾಗ ಒಂದೂವರೆ. ಸಣ್ಣ ಊರಿನ ಬೇಕರಿ ಶನಿವಾರ ಒಂದು ಗಂಟೆಗೆ ಬಾಗಿಲು ಹಾಕುತ್ತದೆ. ಅಲ್ಲಿ ಸ್ವತಃ ರಾಜನೇ ಬಂದು ನಿಂತರೂ ಸೋಮವಾರ ಬನ್ನಿ ಅನ್ನುತ್ತಾರೆ. ಕಿಟಕಿಯ ಗಾಜಿಗೆ ಮೂಗೊತ್ತಿ ಬದರಿನಾಥ ಖಾಲಿ ತಟ್ಟೆಗಳನ್ನು ನೋಡಿದ.

"ಬನ್ನು ಇದ್ದ ಜಾಗ ಚೆನ್ನಾಗಿದೆ ಕಣೋ" ಎಂದ.

"ನೀವು ಹನ್ನೊಂದರ ರೈಲಿಗೆ ಬಂದ್ರೆ ಬನ್ನು ಕಾಯ್ಕೊಂಡು ಕೂರತ್ತಾ ಸರ್?"

"ಕೋಪ ಮಾಡ್ಕೋಬೇಡ. ನಾನು ನೋಟ್ ಮಾಡ್ಕೋತಾ ಇದೀನಿ ಅಷ್ಟೇ. ಸ್ಟಾಪ್ ಒಂದು: ಕ್ಲೋಸ್ಡ್."

ಲುಂಡೋಸಾದ ದಾರಿಯಲ್ಲಿ ಹೊಲದಂಚಿಗೆ ಒಂದು ಮೇಜು, ಮೇಜಿನ ಮೇಲೆ ಮೊಟ್ಟೆಯ ಟ್ರೇಗಳು, ಪಕ್ಕದಲ್ಲಿ ಹಣ ಹಾಕುವ ಡಬ್ಬ. ಮನುಷ್ಯರ ಸುಳಿವಿಲ್ಲ. ರಮಾ ಇಳಿದು ಸುತ್ತಮುತ್ತ ನೋಡಿದಳು. "ಯಾರೂ ಇಲ್ವಲ್ರೀ! ಮೊಟ್ಟೆಗೆ ಕಾವಲೇ ಇಲ್ವಾ?" ಎಂದು ಕಣ್ಣರಳಿಸಿ ಎರಡು ಟ್ರೇ ಕೊಂಡಳು. ಸಿದ್ದಲಿಂಗನಿಗೆ ಸ್ವಲ್ಪ ಜೀವ ಬಂತು.

"ಇದು ಅಟ್ರಾಕ್ಷನ್ನಾ?" ಎಂದ ಬದರಿನಾಥ ಒಳಗಿನಿಂದಲೇ. "ಮೊಟ್ಟೆ?"

"ರೀ, ನೀವು ಸುಮ್ನಿರಿ" ಎಂದಳು ಅಂಪೈರ್.

ಗಾಳಿಗಿರಣಿಯ ಬಾಗಿಲಿಗೆ ಬೀಗ. ಬೀಗದ ಮೇಲೆ ಒಂದು ಚೀಟಿ: ಬೀಗದಕೈ ಹೇಸ್ಟ್‌ಬೀಯ ಇಂಗೆಗೆರ್ಡ್ ಹತ್ತಿರ ಇದೆ, ಫೋನು ಮಾಡಿ. ಸಿದ್ದಲಿಂಗ ಐದು ಸಲ ಮಾಡಿದ. ಐದು ಸಲವೂ ಗಂಟೆ ಬಾರಿಸಿ ಬಾರಿಸಿ ಸತ್ತಿತು. ಗಿರಣಿಯ ರೆಕ್ಕೆಗಳ ಕೆಳಗೆ ನಿಂತು ಅನ್ವರ್ ಪಾಪ ಸಮಾಧಾನ ಹೇಳಿದ, "ಹೊರಗಿಂದಾನೇ ಚೆನ್ನಾಗಿದೆ ಸಿದ್ದಣ್ಣ. ಒಳಗೆ ಏನಿರತ್ತೆ, ಹಿಟ್ಟು."

"ಸ್ಟಾಪ್ ಎರಡು" ಎಂದು ಬದರಿನಾಥ ಶುರುಮಾಡಿದ. ರಾಬಿಯಾ, "ಅಂಕಲ್, ಪ್ಲೀಸ್" ಎಂದಳು. ಸಿದ್ದಲಿಂಗನ ಕಣ್ಣ ಮುಂದೆ ಹಂಡೆ ಹಂಡೆ ಬಿಸಿಬೇಳೆಬಾತು ಕುದಿಯತೊಡಗಿತ್ತು. ಐವತ್ತನೇ ವಯಸ್ಸು, ಅರವತ್ತನೇ ವಯಸ್ಸು, ಎಪ್ಪತ್ತನೇ ವಯಸ್ಸು. ಪ್ರತಿಯೊಂದು ವಯಸ್ಸಿನಲ್ಲೂ ಕೈಯಲ್ಲಿ ಸೌಟು.

ಉಳಿದದ್ದು ಹೇಸ್ಟ್‌ಬೀ ಒಂದೇ.

ಅಲ್ಲಿ ವ್ಯಾನು ನಿಲ್ಲಿಸುವುದಕ್ಕೆ ಇಗರ್ಜಿಯ ಹಿಂದೆ ಹೋಗಬೇಕು. ಅವನು ಐದು ಜನರನ್ನೂ ಚೌಕದಲ್ಲಿ ಇಳಿಸಿ, "ಈ ಓಣೀಲಿ ಹೋಗಿ. ಬಿಳಿ ಬೇಲಿ, ಸೇಬಿನ ಮರ, ಮರದ ಕೆಳಗೆ ಮೇಜು. ಕೂತ್ಕೊಳ್ಳಿ, ಬಂದೆ" ಎಂದ. ಆ ಊರಿನಲ್ಲಿ ಬಿಳಿ ಬೇಲಿಯಿಲ್ಲದ, ಸೇಬಿನ ಮರವಿಲ್ಲದ ಮನೆಯೇ ಇಲ್ಲ ಎಂಬುದು ಅವನ ನೆನಪಿಗೆ ಬರಲಿಲ್ಲ. ನಳಿನಿ ಹಿಂದೆ ನಿಂತು "ಬರ್ಲಿ, ಬರ್ಲಿ" ಅನ್ನುತ್ತಾ ವ್ಯಾನನ್ನು ಸಮಾಧಿಗಳ ಗೋಡೆಗೆ ತಾಗದಂತೆ ನಿಲ್ಲಿಸಿಕೊಟ್ಟಳು. ಇಬ್ಬರೂ ಕೆಫೆಗೆ ನಡೆದರೆ, ಅಲ್ಲಿ ನೊಣ ಹೊಡೆಯುತ್ತಾ ಕೂತಿದ್ದ ಹುಡುಗಿ, "ಯಾರೂ ಬಂದಿಲ್ಲ" ಎಂದಳು.

ಅಷ್ಟರಲ್ಲಿ ಪಕ್ಕದ ಓಣಿಯಿಂದ ಒಂದು ಧ್ವನಿ ಕೇಳಿಸಿತು. ಆ ಬಯಲಿನಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡುವ ಗಂಡಸರು ಇಬ್ಬರೇ. ಒಬ್ಬ ಇಲ್ಲಿ ನಿಂತಿದ್ದ.

ಸಿದ್ದಲಿಂಗ ಓಡಿ ಹೋಗಿ ನೋಡಿದ. ಬಿಳಿ ಬೇಲಿಯ ಗೇಟಿಗೆ ಎರಡೂ ಕಡೆ ಬಲೂನು. ಅಂಗಳದ ಕಂಬದ ಮೇಲೆ ಬಾವುಟ. ಇಷ್ಟು ವರ್ಷ ಈ ಹಳ್ಳಿಗಳಲ್ಲಿ ಬಸ್ಸು ಓಡಿಸಿದವನಿಗೆ ಗೇಟಿನ ಬಲೂನು ಅಂದರೆ ಏನೆಂದು ಗೊತ್ತು: ಈ ಮನೆಯಲ್ಲಿ ಹುಟ್ಟುಹಬ್ಬ, ಕರೆದವರು ದಾರಿ ತಪ್ಪದಿರಲಿ ಎಂದು ಕಟ್ಟಿದ್ದು. ಸೇಬಿನ ಹೂವಿನ ಕೆಳಗೆ ಉದ್ದನೆಯ ಮೇಜು, ಬಿಳಿ ಬಟ್ಟೆ, ಏಳು ಬಗೆಯ ಬಿಸ್ಕತ್ತು, ಹಸಿರು ಹೊದಿಕೆಯ ಕೆನೆ ಕೇಕು. ಸುತ್ತ ಅರವತ್ತು ಜನ ಸ್ವೀಡಿಷರು ಒಳ್ಳೆಯ ಬಟ್ಟೆ ತೊಟ್ಟು ಪಿಸುಪಿಸು ಮಾತಾಡುತ್ತಿದ್ದರು. ನಟ್ಟನಡುವೆ ಬದರಿನಾಥ, ಕತ್ತಿಗೆ ಕರವಸ್ತ್ರ ಸಿಕ್ಕಿಸಿಕೊಂಡು ಕೇಕು ಹೊಡೆಯುತ್ತಿದ್ದ.

"ಬಾರೋ ಸಿದ್ದು! ಏನ್ ಕೆಫೆ ಕಣೋ ಇದು! ಅನ್‌ಲಿಮಿಟೆಡ್! ತಟ್ಟೆ ಖಾಲಿ ಆದ್ರೆ ಅವರೇ ಬಂದು ಹಾಕ್ತಾರೆ!"

"ಮೆನು ಕಾರ್ಡೂ ಇಲ್ಲ ಸಿದ್ದಣ್ಣ, ಬಿಲ್ ಕೌಂಟರೂ ಇಲ್ಲ" ಎಂದ ಅನ್ವರ್. "ತುಂಬ ಕ್ಲಾಸ್ ಜಾಗ."

ರಾಬಿಯಾ ಮಾತ್ರ ಬಿಸ್ಕತ್ತನ್ನು ಕೈಯಲ್ಲೇ ಹಿಡಿದು ಕೂತಿದ್ದಳು. "ಅಣ್ಣಾ, ಬಂದವರೆಲ್ಲ ಆ ಅಜ್ಜಿಗೆ ಗಿಫ್ಟ್ ಕೊಡ್ತಾ ಇದಾರೆ. ಕೆಫೆಗೆ ಯಾರಾದ್ರೂ ಗಿಫ್ಟ್ ತರ್ತಾರಾ?"

"ರೆಗ್ಯುಲರ್ ಕಸ್ಟಮರ್ಸ್ ಇರ್ಬೇಕಮ್ಮಾ" ಎಂದ ಬದರಿನಾಥ. "ಆ ಅಜ್ಜೀನೇ ಓನರ್ರು. ನಾನು ಆಗ್ಲೇ ಫೀಡ್‌ಬ್ಯಾಕ್ ಕೊಟ್ಟೆ, ಕಾಫಿ ಸ್ವಲ್ಪ ತಣ್ಣಗಿದೆ ಅಂತ. ಪಾಸಿಟಿವ್ ಆಗಿ ತಗೊಂಡ್ರು."

ಅಜ್ಜಿ ಎಂದರೆ ಇಂಗೆಗೆರ್ಡ್. ಎಂಬತ್ತು ತುಂಬಿದ ದಿನ. ಅದಕ್ಕೇ ಫೋನು ಎತ್ತಿರಲಿಲ್ಲ. ಮೇಜಿನ ತುದಿಯಲ್ಲಿ ತಲೆಗೆ ಹೂವಿನ ಬಳ್ಳಿ ಸುತ್ತಿಕೊಂಡು ಕೂತು, ಸಿದ್ದಲಿಂಗನನ್ನೇ ನೋಡುತ್ತಿದ್ದಳು. ಒಂದು ಹುಬ್ಬು ಮೇಲಕ್ಕೆ ಹೋಗಿತ್ತು. ಸಿದ್ದಲಿಂಗನ ಹಿಂದೆ ಇಬ್ಬರು ಮುದುಕರು ಪಿಸುಗುಟ್ಟುತ್ತಿದ್ದರು. "ಇವರು ಯಾರ ಕಡೆಯವರು?" "ಸೊಸೆಯ ಆಫೀಸಿನವರಿರಬೇಕು." ಅತ್ತ ಸೊಸೆ ಗಂಡನ ಕಿವಿಯಲ್ಲಿ, "ಅಮ್ಮನ ಇಗರ್ಜಿಯವರಾ?" ಅನ್ನುತ್ತಿದ್ದಳು. ನೀವು ಯಾರು ಎಂದು ಮುಖಕ್ಕೆ ಕೇಳುವುದು ಈ ಜನರ ಕೈಯಲ್ಲಿ ಆಗದ ಕೆಲಸ. ಕೇಳುವ ಬದಲು ಇನ್ನೊಂದು ತುಂಡು ಕೇಕು ಹಾಕುತ್ತಾರೆ.

ನಳಿನಿ ಗಂಡನ ತೋಳು ಚಿವುಟಿದಳು. "ಏನ್ರೀ, ಇದು ಹುಟ್ಟಿದಹಬ್ಬ ಐತಿ. ಎಬ್ಬಿಸ್ರಿ ಇವ್ರನ್ನ."

"ಗೊತ್ತೈತಿ. ಸುಮ್ಕಿರು."

"ಮಾನ ಹೋಗ್ತೈತಿ!"

"ಹೋಗೂದು ಅವನ ಮಾನ. ನಂದು ಸೌಟು ಹೋಗ್ತೈತಿ. ಸುಮ್ಕ ಕುಂದರು."

ಹೌದು, ಅವನು ಬದರಿನಾಥನ ಪಕ್ಕದಲ್ಲೇ ಕೂತು ಸುಮ್ಮನಾದ. ಹನ್ನೊಂದು ವರ್ಷ ಸೌಟು ಹಿಡಿದವನು ಹತ್ತು ನಿಮಿಷ ಬಾಯಿ ಹಿಡಿಯಲಾರನೇ? ಬದರಿನಾಥನ ಮುಖದಲ್ಲಿ ಕೆನೆಯೂ ಸಂತೋಷವೂ ಸಮವಾಗಿ ಹರಡಿಕೊಂಡಿದ್ದವು. ಅಷ್ಟರಲ್ಲಿ ಯಾರೋ ಲೋಟ ಬಡಿದರು. ಎಲ್ಲರೂ ಎದ್ದು ನಿಂತು ಅಜ್ಜಿಗೆ ನಾಲ್ಕು ಸಲ ಜೈಕಾರ ಹಾಕಿದರು. ಬದರಿನಾಥನೂ ಎದ್ದು ಎಲ್ಲರಿಗಿಂತ ಜೋರಾಗಿ ಕೂಗಿದ. ನಾಲ್ಕಕ್ಕೆ ನಿಲ್ಲಿಸಬೇಕೆಂದು ಗೊತ್ತಿಲ್ಲದೆ ಐದನೆಯದನ್ನು ಒಬ್ಬನೇ ಕೂಗಿದ.

"ಸ್ಟಾಫನ್ನ ಹೀಗೆ ಅಪ್ರಿಷಿಯೇಟ್ ಮಾಡ್ತಾರೆ ನೋಡಿ, ಇದನ್ನ ನಾವು ಕಲೀಬೇಕು" ಎಂದು ಅನ್ವರನಿಗೆ ಪಾಠ ಹೇಳಿ ಕೂತ. ಕೂತು ಸಿದ್ದಲಿಂಗನ ಬೆನ್ನು ತಟ್ಟಿದ. "ಒಪ್ಕೋತೀನಿ ಕಣೋ ಸಿದ್ದು. ನಿಜ ಹೇಳ್ತೀನಿ. ಈ ಊರು, ಈ ಜಾಗ..."

ಸಿದ್ದಲಿಂಗ ಕುರ್ಚಿಯ ತುದಿಗೆ ಸರಿದ. ರಮಾ ಅಂಪೈರಿನ ಗತ್ತಿನಲ್ಲಿ ಮುಂದಕ್ಕೆ ಬಾಗಿದಳು. ಇನ್ನೊಂದು ಮಾತು. ಒಂದೇ ಒಂದು ಮಾತು.

"...ಈ ಜಾಗಕ್ಕೆ ಇನ್ನೊಂದು ಪೀಸ್ ಕೇಕ್ ತಿಂದು ಮಾರ್ಕ್ಸ್ ಕೊಡ್ತೀನಿ. ಹೋಗಿ ಒಳಗಿಂದ ತಂದ್ಬಿಡೋ. ಹಾಗೇ ಆ ಖಾಲಿ ತಟ್ಟೆಗಳ್ನೂ ಎತ್ಕೊಂಡು ಹೋಗು, ಪಾಪ ಅವ್ರಿಗೆ ಜನ ಕಮ್ಮಿ ಇದ್ದಂಗಿದೆ. ನಿಂಗೇನು, ಅಡುಗೆಮನೆ ಅಂದ್ರೆ ಮನೆ ಇದ್ದಂಗೆ."

ಎಂದು ಖಾಲಿ ತಟ್ಟೆಗಳ ಟ್ರೇಯನ್ನು ಎತ್ತಿ ಸಿದ್ದಲಿಂಗನ ಕೈಗೆ ಕೊಟ್ಟ.

ನಳಿನಿ ಎಡಗಡೆಗೇ ಕೂತಿದ್ದಳು. ಕಿವಿ ದಾಸವಾಳದಂತಾದದ್ದನ್ನು ಕಂಡಳು. "ಬ್ಯಾಡ್ರೀ" ಅನ್ನುವಷ್ಟರಲ್ಲಿ ಅವನು ಎದ್ದು ನಿಂತಾಗಿತ್ತು. ಇಸ್ತ್ರಿ ಹಾಕಿದ ಕನ್ನಡ ಎಲ್ಲಿ ಹೋಯಿತೋ!

"ಏ ಬದರಿನಾಥಾ! ಇದು ಹೋಟ್ಲಲ್ಲೋ ಯಪ್ಪಾ! ಆ ಮುದುಕಿ ಮನಿ ಇದು! ಆಕಿ ಹುಟ್ಟಿದಹಬ್ಬ ಐತಿ ಇವತ್ತ! ಯಾರೂ ಕರೀದ ಬಂದು, ನಟ್ಟನಡುವ ಕುಂತು, ಆಕಿ ಕೇಕ್ ತಿಂದು, ಆಕಿಗೇ ಕಾಫಿ ತಣ್ಣಗೈತಿ ಅಂತ ಹೇಳಿಯಲ್ಲೋ! ಮ್ಯಾಲ ನನಗ ತಟ್ಟಿ ಎತ್ತು ಅಂತೀಯಲ್ಲ! ನಾ ಬಸ್ ಓಡಸ್ತೀನಿ! ಬಸ್ ಡ್ರೈವರ್ ಅದೀನಿ ನಾ!"

ಬದರಿನಾಥ ಬಾಯಿಯಲ್ಲಿದ್ದ ಕೇಕನ್ನು ನುಂಗಲೂ ಆರದೆ ಉಗಿಯಲೂ ಆರದೆ ಕೂತ. ಬಲೂನು ನೋಡಿದ, ಗಿಫ್ಟುಗಳ ರಾಶಿ ನೋಡಿದ, ಅಜ್ಜಿಯ ತಲೆಯ ಹೂವು ನೋಡಿದ. ಅನ್ವರ್ ಮೆಲ್ಲಗೆ ತಟ್ಟೆಯನ್ನು ದೂರ ಸರಿಸಿದ. ರಾಬಿಯಾ ಮಗಳತ್ತ ತಿರುಗಿ, "ನಿಂಗೆ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತು" ಎಂದಳು ನಾಯಿಲಾ ಸ್ವೀಡಿಷಿನಲ್ಲಿ. "ನನ್ನನ್ನ ಯಾರೂ ಕೇಳಲೇ ಇಲ್ಲ."

ಮೊದಲು ಸಿಡಿದವಳು ರಮಾ. ಸೆರಗನ್ನು ಬಾಯಿಗೆ ತುರುಕಿಕೊಂಡರೂ ತಡೆಯಲಾಗದೆ, ಮೇಜಿನ ಮೇಲೆ ತಲೆಯಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಫೀಡ್‌ಬ್ಯಾಕು" ಎಂದು ಒಂದು ಸಲ ತಲೆ ಎತ್ತಿದಳು, ಮತ್ತೆ ಬಿದ್ದಳು.

ಸಿದ್ದಲಿಂಗನ ಸಿಟ್ಟು ಇಳಿಯಿತು. ಇಳಿದ ಜಾಗದಲ್ಲಿ ಭಯ ಬಂದು ಕೂತಿತು. ತುದಿ ಮುಟ್ಟಿದ್ದನ್ನು ನಾನೇ ಕೈಯಾರೆ ಕೆಡವಿದೆ, ಅಷ್ಟೇ ಅಲ್ಲ, ಒಬ್ಬ ಮುದುಕಿಯ ಎಂಬತ್ತನೆಯ ಹುಟ್ಟುಹಬ್ಬದ ದಿನ ಅವಳ ಅಂಗಳದಲ್ಲಿ ಗಂಟಲು ಹರಿದುಕೊಂಡೆ. ಸೋಮವಾರ ಮೇಲಧಿಕಾರಿ ಕರೆಸಿ ಬನ್ನು ಕೊಡುತ್ತಾಳೆ. ಟ್ರೇ ಹಿಡಿದುಕೊಂಡೇ ಇಂಗೆಗೆರ್ಡ್ ಮುಂದೆ ಹೋಗಿ ನಿಂತ.

"ಏನೆಂದು ಕೂಗಿದೆ?" ಎಂದಳು ಆಕೆ.

ಎಲ್ಲವನ್ನೂ ಹೇಳಿದ. ಕೂಟ, ಸೌಟು, ಪಂಕ್ತಿ, ಪಂದ್ಯ, ಬನ್ನು, ಬೀಗ, ಬಿಳಿ ಬೇಲಿ. ಅರವತ್ತು ಜನರೂ ಕುರ್ಚಿ ಸರಿಸಿಕೊಂಡು ಬಂದು ಕೇಳಿದರು. ಬದರಿನಾಥನೂ ಎದ್ದು ಬಂದು, ಮುಖದ ಕೆನೆ ಒರೆಸುವುದನ್ನೂ ಮರೆತು, ಕೈಮುಗಿದು, ಇಂಗ್ಲಿಷಿನಲ್ಲಿ ಮೂರು ಸಲ ಕ್ಷಮೆ ಕೇಳಿದ.

ಇಂಗೆಗೆರ್ಡ್ ನೆಂಟರ ಕಡೆ ತಿರುಗಿದಳು. "ಐವತ್ತು ವರ್ಷದಿಂದ ನನ್ನ ಕಾಫಿ ತಣ್ಣಗಿರುತ್ತದೆ, ಅಲ್ಲವೇ?"

ನೆಂಟರು ನೆಲ ನೋಡಿದರು.

"ಐವತ್ತು ವರ್ಷ ಕುಡಿದು ಚೆನ್ನಾಗಿದೆ ಅಂದಿರಿ. ಬಾಯಿಬಿಟ್ಟು ಹೇಳುವುದಕ್ಕೆ ಇವನು ಅಷ್ಟು ದೂರದಿಂದ ಬರಬೇಕಾಯಿತು." ಆಮೇಲೆ ಬದರಿನಾಥನನ್ನು ಮೇಲಿಂದ ಕೆಳಗೆ ಅಳೆದಳು. ಪಕ್ಕದಲ್ಲಿದ್ದ ಮೊಮ್ಮಗಳ ಸೊಂಟದಿಂದ ಏಪ್ರನ್ ಬಿಚ್ಚಿಸಿ ಅವನ ಕೈಗಿಟ್ಟಳು. "ಬಿಸಿ ಕಾಫಿ ಹೇಗಿರಬೇಕೆಂದು ನಿನಗೆ ಗೊತ್ತಿದೆಯಲ್ಲ. ಮಾಡು. ಮಾಡಿ ಎಲ್ಲರಿಗೂ ನೀನೇ ಕೊಡು." ಸಿದ್ದಲಿಂಗನ ಕೈಯಲ್ಲಿದ್ದ ಟ್ರೇಯನ್ನು ಕಿತ್ತು ಅದನ್ನೂ ಬದರಿನಾಥನ ಮೇಲೆ ಹೇರಿದಳು. "ನೀನು ಕೂತುಕೋ. ಇಲ್ಲಿ, ನನ್ನ ಪಕ್ಕದಲ್ಲಿ. ಪ್ರತಿ ಮಂಗಳವಾರ ನಿನ್ನ ಬೆನ್ನು ನೋಡಿ ನೋಡಿ ಸಾಕಾಗಿದೆ."

ಅಧ್ಯಕ್ಷ ಬದರಿನಾಥ ಏಪ್ರನ್ ಕಟ್ಟಿಕೊಂಡ. ಒಳಗೆ ಹೋಗಿ ಕಾಫಿ ಕಾಯಿಸಿದ. ಅರವತ್ತು ಜನಕ್ಕೆ, ಒಬ್ಬೊಬ್ಬರ ಮುಂದೆಯೂ ಬಗ್ಗಿ, ಕೇಳಿ ಕೇಳಿ ಬಗ್ಗಿಸಿದ. ಮುದುಕಿಯರು ಅವನ ಗಲ್ಲ ತಟ್ಟಿದರು. ಒಬ್ಬ ಮುದುಕ ಟ್ರಾಕ್ಟರಿನ ಕತೆ ಶುರುಮಾಡಿ ಅರ್ಧ ಗಂಟೆ ಬಿಡಲಿಲ್ಲ. ಕೊನೆಗೆ ಮೇಜಿನ ತಲೆಗೆ ಬಂದ.

ಸಿದ್ದಲಿಂಗ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಕಪ್ಪನ್ನು ಒಂದಿಷ್ಟೂ ಎತ್ತಲಿಲ್ಲ, ಬಗ್ಗಲಿ ಎಂದು.

"ಸಾಕಾ?" ಎಂದ ಬದರಿನಾಥ ಹಲ್ಲು ಕಚ್ಚಿ.

"ಇನ್ನೊಂಚೂರು ಸರ್."

"ಈ ದೇಶದಲ್ಲಿ ಎರಡನೇ ಕಪ್ಪಿಗೆ ಒಂದು ಹೆಸರಿದೆ, ಮೂರನೆಯದಕ್ಕೆ ಬೇರೆ ಹೆಸರಿದೆ" ಎಂದು ಇಂಗೆಗೆರ್ಡ್ ನೆನಪು ಮಾಡಿದಳು. "ಮೂರೂ ಕುಡಿಯದಿದ್ದರೆ ನನಗೆ ಬೇಸರ."

ಸಿದ್ದಲಿಂಗ ಆಕೆಗೆ ಬೇಸರ ಮಾಡಲಿಲ್ಲ. ಮೂರೂ ಕುಡಿದ. ಹೆಸರಿಲ್ಲದ ನಾಲ್ಕನೆಯದನ್ನು ಕೇಳಿದ. ಐದನೆಯದಕ್ಕೆ ಬದರಿನಾಥ ಕಿವಿಯ ಹತ್ತಿರ ಬಾಗಿ, "ಲೋ, ಪಂಕ್ತಿ ಬಡಿಸೋದು ಇದರಲ್ಲೇ ಮುಗೀತು ತಾನೆ?" ಎಂದ.

"ಇದು ರಿಹರ್ಸಲ್ ಸರ್. ಪಂಕ್ತಿ ದೀಪಾವಳಿಗೆ."

"ನಾನಿನ್ನೂ ಹೇಳಿಲ್ಲ ಕಣೋ."

"ಹೇಳ್ರೀ ಮತ್ತೆ!" ಎಂದಳು ರಮಾ ಮೇಜಿನ ಆ ತುದಿಯಿಂದ.

ಬದರಿನಾಥ ಕೆಟಲು ಹಿಡಿದು ನಿಂತ. ಬೆವರು, ಕೆನೆ, ಏಪ್ರನ್ನಿನ ತುಂಬ ಕಾಫಿ ಕಲೆ. ಮುಂದಿನ ವರ್ಷವೂ ಬರಲೇಬೇಕೆಂದು ಆಗಲೇ ಮೂವರು ಮುದುಕಿಯರು ಮಾತು ತೆಗೆದುಕೊಂಡಿದ್ದರು. ಅವನು ಹೂವಿನ ಮರ ನೋಡಿದ, ಬೇಲಿಯಾಚೆ ಆಕಾಶದ ತನಕ ಹಬ್ಬಿದ ಹಸಿರು ನೋಡಿದ.

"ಚೆನ್ನಾಗಿತ್ತು" ಎಂದ ಸಣ್ಣಗೆ.

"ಕೇಳ್ಸಲಿಲ್ಲ ಸರ್."

"ಚೆನ್ನಾಗಿತ್ತು ಅಂದೆ! ಸಾಕಾ? ಪಿಕ್ನಿಕ್ಕೂ ಇಲ್ಲೇ ಮಾಡೋಣ, ಸಾಕಾ?"

"ಔಟ್!" ಎಂದು ರಮಾ ಬೆರಳೆತ್ತಿದಳು. ಕನ್ನಡ ಅರ್ಥವಾಗದ ಅರವತ್ತು ಜನ ಚಪ್ಪಾಳೆ ತಟ್ಟಿದರು.

ಸಂಜೆಯ ರೈಲಿಗೆ ಓರೆಬ್ರೂ ಕಡೆ ವ್ಯಾನು ಹೊರಟಿತು. ಕಾಲು ಗಂಟೆ ಕಳೆದಿರಬಹುದು, ಐದು ಕಪ್ಪು ಕಾಫಿ ಸಿದ್ದಲಿಂಗನನ್ನು ಮಾತಾಡಿಸತೊಡಗಿತು. ಅವನು ವೇಗ ಹೆಚ್ಚಿಸಿದ. ಎಡಕ್ಕೆ ನೋಡಿದರೆ ಮೊಣಕಾಲೆತ್ತರದ ಗೋಧಿ. ಬಲಕ್ಕೆ ನೋಡಿದರೂ ಅದೇ. ಮರದ ಮರೆಯಿಲ್ಲ, ಗೋಡೆಯ ಮರೆಯಿಲ್ಲ, ಒಂದು ಪೊದೆಯೂ ಇಲ್ಲ. ಹಿಂದಿನ ಸೀಟಿನಲ್ಲಿ ಬದರಿನಾಥನಿಗೆ ಬಯಲಿನ ಮೇಲೆ ಹೊಸ ಪ್ರೀತಿ ಹುಟ್ಟಿಬಿಟ್ಟಿತ್ತು.

"ನಿಧಾನ ಹೋಗೋ ಸಿದ್ದು, ಏನ್ ಲೈಟು ನೋಡು! ನಿಲ್ಸು, ಒಂದು ಫೋಟೋ." ನಿಲ್ಲಿಸಿದ. "ಇಲ್ಲೊಂದು." ಮತ್ತೆ ನಿಲ್ಲಿಸಿದ. "ಎಷ್ಟು ದೂರ ಕಾಣತ್ತಲ್ವಾ! ಏನೂ ಅಡ್ಡಾನೇ ಇಲ್ಲ!"

ಮೂರನೆಯ ಸಲ "ನಿಲ್ಸು" ಅಂದಾಗ ಪಕ್ಕದಲ್ಲಿ ಎಣ್ಣೆಸಾಸಿವೆಯ ಹೊಲ ಬಂದಿತ್ತು; ಎದೆಯೆತ್ತರಕ್ಕೆ ಬೆಳೆದು, ಕಣ್ಣು ಕುಕ್ಕುವ ಹಳದಿ ಹೂವು. ವ್ಯಾನು ನಿಂತದ್ದೇ ತಡ, ಸಿದ್ದಲಿಂಗ ಬಾಗಿಲು ತೆರೆದು ಧುಮುಕಿ ಹೊಲದೊಳಕ್ಕೆ ಓಡಿದ.

ಬದರಿನಾಥ ಅಂದು ತೆಗೆದ ಫೋಟೋಗಳಲ್ಲೆಲ್ಲ ಆ ಸಾಸಿವೆ ಹೊಲದ್ದೇ ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ಅದೇ ರಾತ್ರಿ ಕೂಟದ ಗುಂಪಿಗೆ ಹಾಕಿ, ಆಗಸ್ಟಿನ ಪಿಕ್ನಿಕ್ಕಿಗೆ ಹೆಸರು ಕೊಡಿ ಎಂದು ಬರೆದ. ಹಳದಿಯ ನಟ್ಟನಡುವೆ ದೂರದಲ್ಲಿ ಒಂದು ಕಪ್ಪು ಚುಕ್ಕೆ ಕಾಣುತ್ತದೆ, ಅದೇನು ಎಂದು ತುಂಬ ಜನ ಕೇಳಿದರು. ರಮಾ ಅದನ್ನು ದೊಡ್ಡದು ಮಾಡಿ ನೋಡಿ, "ಡ್ರೈವರ್ರು. ಪ್ರಕೃತಿ ಸೌಂದರ್ಯ ಸವೀತಾ ಇದಾರೆ" ಎಂದು ಉತ್ತರ ಹಾಕಿದಳು.